ಹದಿನೆಂಟು ಮನೆಗಳ ಓಟಗಾರ

ಹೆಂಡತಿ ಅವನ ಬನಿಯನ್ನಿನ ಎದೆಯ ಮೇಲೆ ನಂಬರಿನ ಕಾಗದವಿಟ್ಟು ನಾಲ್ಕು ಮೂಲೆಗೂ ಸೇಫ್ಟಿ ಪಿನ್ನು ಚುಚ್ಚುತ್ತಿದ್ದಳು. ಮಾತಿಲ್ಲ. ನಾಲ್ಕನೆಯ ಪಿನ್ನು ಬಟ್ಟೆ ದಾಟಿ ಚರ್ಮಕ್ಕೂ ತಾಗಿತು. ಹಲ್ಲು ಕಚ್ಚಿಕೊಂಡನೇ ಹೊರತು ಅವನೂ ಮಾತಾಡಲಿಲ್ಲ.

ಅವರಿಬ್ಬರ ಮಾತು ನಿಂತು ಹನ್ನೊಂದು ದಿನವಾಗಿತ್ತು. ಅವಳ ಕೊನೆಯ ಮಾತು ಅವನಿಗೆ ಇನ್ನೂ ನೆನಪಿತ್ತು. "ಒಂದು ಕೆಲಸ ಬೇಡ ಅನ್ನೋಕೆ ಬಾಯಿ ತೆಗೆದರೆ ಸಾಕು ರೀ. ಅದಕ್ಕೆ ಯಾರಾದ್ರೂ ನಲವತ್ತೆರಡು ಕಿಲೋಮೀಟರು ಓಡ್ತಾರಾ?"

ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಆದರೆ ಹದಿನೆಂಟು ಮನೆಗಳ ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಗುರುತಿಸುತ್ತಿದ್ದದ್ದು ನಿವಾಸಿಗಳ ಸಂಘದ ಕಾರ್ಯದರ್ಶಿಯೆಂದು. ಆರು ವರ್ಷದ ಹಿಂದೆ ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಇವನೊಬ್ಬ ಸೀನಲು ತಲೆ ಎತ್ತಿದ್ದ. ಅಂದಿನಿಂದ ಲಿಫ್ಟು, ಮೋಟಾರು, ಪಾರಿವಾಳದ ಹಿಕ್ಕೆ, ಎಲ್ಲವೂ ಅವನ ತಲೆಗೆ. ಬಿಡುತ್ತೇನೆಂದರೆ ಬಿಡುವಂತಿಲ್ಲ. ರಾಜೀನಾಮೆ ಒಪ್ಪಲು ಹದಿನೆಂಟೂ ಮನೆಯವರು ಸಭೆಗೆ ಬರಬೇಕೆಂದು ಸಂಘದ ನಿಯಮ. ಐದಕ್ಕಿಂತ ಹೆಚ್ಚು ಮನೆಯವರು ಸಭೆಗೆ ಬಂದದ್ದೇ ಇಲ್ಲ.

ನಾಲ್ಕು ತಿಂಗಳ ಹಿಂದೆ ಧೈರ್ಯ ತಂದುಕೊಂಡು, "ನನಗೆ ಇನ್ಮೇಲೆ ಪುರುಸೊತ್ತಿಲ್ಲ ಸಾರ್, ಮ್ಯಾರಥಾನಿಗೆ ತಯಾರಾಗ್ತಿದ್ದೀನಿ," ಎಂದು ಬಾಯಿಗೆ ಬಂದ ಸುಳ್ಳು ಹೇಳಿದ್ದ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಸುಳ್ಳನ್ನು ಮೂಗಿನಲ್ಲೇ ಹಿಡಿಯುವವರು. "ಬಹಳ ಸಂತೋಷ. ಆರು ಗಂಟೆಯೊಳಗೆ ಓಡಿ ಮುಗಿಸಿ ತೋರ್ಸಿ, ಎಲ್ಲರನ್ನೂ ಸೇರಿಸಿ ನಾನೇ ಬಿಡುಗಡೆ ಮಾಡ್ತೀನಿ. ಮುಗಿಸದಿದ್ರೆ ಇನ್ನೂ ಎರಡು ವರ್ಷ ನೀವೇ," ಎಂದರು.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಆರಕ್ಕೆ ಅವನು ಹತ್ತು ಸಾವಿರ ಜನರ ನಡುವೆ, ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ ನಿಂತಿದ್ದ. ನಂಬರಿನ ಹಿಂದೆ ಒಂದು ಎಲೆಕ್ಟ್ರಾನಿಕ್ ಚಿಪ್ ಅಂಟಿಸಿದ್ದರು. ಓಡುವವನು ಎಲ್ಲಿದ್ದಾನೆಂದು ಮನೆಯವರು ಮೊಬೈಲಿನ ನಕ್ಷೆಯಲ್ಲಿ ಚಲಿಸುವ ಚುಕ್ಕಿಯಾಗಿ ನೋಡಬಹುದಿತ್ತು. ಅವನ ಕೈಯಲ್ಲೂ ಒಂದು ಮೊಬೈಲು. "ಕಾರ್ಯದರ್ಶಿ ಕೈಗೆ ಸಿಗಬೇಕು," ಎಂದು ಹೆಡ್‌ಮಾಸ್ಟರ ಅಪ್ಪಣೆಯಾಗಿತ್ತು.

ಒಂಬತ್ತನೆಯ ಕಿಲೋಮೀಟರಿನಲ್ಲಿ ಮೊದಲ ಕರೆ. ಎರಡನೇ ಮಹಡಿಯ ಹಲ್ಲಿನ ಡಾಕ್ಟರು.

"ಸಾರ್, ಲಿಫ್ಟು ನಡುವೆ ನಿಂತುಬಿಟ್ಟಿದೆ."

"ಒಳಗೆ ಯಾರಾದ್ರೂ ಇದ್ದಾರಾ ಡಾಕ್ಟ್ರೇ?"

"ನಾನೇ ಇದ್ದೀನಿ."

"ಅಯ್ಯೋ! ನಾನು ಓಡ್ತಿದ್ದೀನಲ್ಲ."

"ಗೊತ್ತು ಸಾರ್, ನೋಡ್ತಾ ಇದ್ದೀನಿ. ಇಲ್ಲಿ ಬೇರೆ ಕೆಲಸ ಏನಿದೆ? ನಿಮ್ಮ ಚುಕ್ಕಿ ಯಾಕೋ ನಿಧಾನ ಆಯ್ತು."

ಓಡುತ್ತಲೇ ಲಿಫ್ಟಿನ ರಿಪೇರಿಯವನಿಗೆ ಫೋನು ಮಾಡಿದ. ಅವನು ಭಾನುವಾರದ ನಿದ್ದೆಯಲ್ಲಿದ್ದ. ಹದಿನಾಲ್ಕರಲ್ಲಿ ಮೂರನೇ ಮಹಡಿಯ ಅಜ್ಜಿ.

"ಮಗಾ, ನಲ್ಲೀಲಿ ನೀರು ನಿಂತೋಯ್ತು. ತಲೆಗೆಲ್ಲಾ ಸೋಪು ಹಚ್ಕೊಂಡು ನಿಂತಿದೀನಿ ಕಣೋ."

"ಮೋಟಾರಿನ ಸ್ವಿಚ್ಚು ಕೆಳಗಿದೆ ಅಜ್ಜಿ, ಯಾರಿಗಾದ್ರೂ ಹೇಳಿ."

"ಎಲ್ರೂ ಕೆಳಗೇ ಇದಾರೆ, ನಿನ್ನ ಓಟ ನೋಡ್ತಾ. ಒಬ್ರೂ ಫೋನ್ ಎತ್ತಲ್ಲ. ಕಣ್ಣು ಉರೀತಿದೆ, ಬೇಗ ಬಾ."

ಇಪ್ಪತ್ತೊಂದರಲ್ಲಿ ಅವನಿಗೇ ತುರ್ತಾಯಿತು. ಬಯಲಲ್ಲಿ ನಿಲ್ಲಿಸಿದ್ದ ಶೌಚಾಲಯದ ಮುಂದೆ ಉದ್ದದ ಸಾಲು. ಎರಡು ನಿಮಿಷವಾಗಿರಲಿಲ್ಲ, ಹೆಡ್‌ಮಾಸ್ಟರ ಫೋನು.

"ಯಾಕ್ರೀ ಚುಕ್ಕಿ ನಿಂತಿದೆ?"

"ಸಾರ್, ಸಾಲಿನಲ್ಲಿದ್ದೀನಿ. ಶೌಚಾಲಯ."

"ಒಂದಕ್ಕೋ, ಎರಡಕ್ಕೋ?"

ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಉತ್ತರ ಹೇಳಿದ. ಅತ್ತ ಹೆಡ್‌ಮಾಸ್ಟರು ಅದನ್ನೇ ಗಟ್ಟಿಯಾಗಿ ಸಾರಿದರು. ಹದಿನಾರು ಮನೆಯವರು ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಮೂವತ್ತೊಂದನೆಯ ಕಿಲೋಮೀಟರಿನ ಹೊತ್ತಿಗೆ ಅವನ ಮೊಣಕಾಲು ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟುತ್ತಿತ್ತು. ಬಣ್ಣದ ಗೌನು ತೊಟ್ಟು ರಾಣಿಯ ವೇಷ ಹಾಕಿದ್ದ ಗಂಡಸೊಬ್ಬ, "ದಾರಿ ಬಿಡಿ ಅಂಕಲ್," ಎಂದು ದಾಟಿಹೋದ. ಹಿಂದೆ ಬಸ್ಸಿನ ಸದ್ದು. ಓಡಲಾರದವರನ್ನು ಹತ್ತಿಸಿಕೊಳ್ಳಲು ಓಟದ ಕೊನೆಯಲ್ಲಿ ಬರುವ ಬಸ್ಸು ಅದು. ಬಾಗಿಲಲ್ಲಿ ನಿಂತವನು ಅಕ್ಕರೆಯಿಂದ ಕರೆದ. "ಬನ್ನಿ ಸಾರ್, ಕಿಟಕಿ ಪಕ್ಕದ ಸೀಟೇ ಖಾಲಿ ಇದೆ. ಯಾರೂ ಏನೂ ಅನ್ಕೊಳ್ಳಲ್ಲ."

ಅಷ್ಟರಲ್ಲಿ ಮತ್ತೆ ಫೋನು ಗುನುಗಿತು. ಡಾಕ್ಟರು, ಲಿಫ್ಟಿನೊಳಗಿಂದ. ಅವನು ರಸ್ತೆ ಬದಿಯಲ್ಲಿಟ್ಟಿದ್ದ ನೀರಿನ ತೊಟ್ಟಿಯತ್ತ ಬಾಗಿ ಮುಖ ತೊಳೆದ. ಕೈ ಜಾರಿತೋ, ಕೈಯೇ ಜಾರಿಸಿತೋ, ಫೋನು ಬುಳುಕ್ಕೆಂದು ತಳ ಸೇರಿತು. ಗುಳ್ಳೆಗಳು ಎದ್ದವು. ಆಮೇಲೆ ಮೌನ.

ಆರು ವರ್ಷದಲ್ಲಿ ಅಂಥ ಮೌನ ಅವನು ಕೇಳಿರಲಿಲ್ಲ. ಎದೆಯ ಮೇಲಿಂದ ಹದಿನೆಂಟು ಮನೆ ಕೆಳಗಿಳಿದ ಹಾಗಾಯಿತು. ಅವನು ಓಡಿದ. ಬಸ್ಸು ಹಿಂದೆ ಬಿತ್ತು, ರಾಣಿಯೂ ಹಿಂದೆ ಬಿದ್ದ. ಆರು ಗಂಟೆಯ ಗಡುವಿಗೆ ಇನ್ನೂ ಎರಡು ನಿಮಿಷ ಬಾಕಿಯಿರುವಾಗ ಅವನು ಕೊನೆಯ ಗೆರೆ ದಾಟಿ, ಪದಕ ಹಾಕಲು ಬಂದ ಅಪರಿಚಿತಳ ಹೆಗಲ ಮೇಲೆ ತಲೆಯಿಟ್ಟು ಅತ್ತ.

ಮಧ್ಯಾಹ್ನ ಗೋಡೆ ಹಿಡಿದುಕೊಂಡು ಕಟ್ಟಡದ ಗೇಟು ದಾಟಿದಾಗ, ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿಗಳು ತುಂಬಿದ್ದವು. ಅಜ್ಜಿ ಒದ್ದೆ ಕೂದಲು ಹರಡಿಕೊಂಡು ಕೂತಿದ್ದಳು. ಡಾಕ್ಟರೂ ಹೊರಬಂದಿದ್ದರು. ಹೆಡ್‌ಮಾಸ್ಟರು ಎದ್ದು ಬಂದು ಕೈ ಕುಲುಕಿದರು.

"ನಿಮ್ಮ ಓಟ ನೋಡೋಕೆ ಹದಿನೆಂಟೂ ಮನೆಯವರು ಸೇರಿದ್ರು ಕಣ್ರೀ, ಸಂಘ ಹುಟ್ಟಿದ ಮೇಲೆ ಮೊದಲ ಸಲ! ಇಂಥ ಅವಕಾಶ ಬಿಡಬಾರದು ಅಂತ ಇಲ್ಲೇ ಸಭೆ ಮಾಡಿಬಿಟ್ವಿ. ನಿಮ್ಮನ್ನ ಬಿಡುಗಡೆ ಮಾಡಿದ್ದೀವಿ."

ಅವನು ಅವರ ಕೈ ಬಿಡಲೇ ಇಲ್ಲ. "ಹೊಸ ಕಾರ್ಯದರ್ಶಿ ಯಾರು ಸಾರ್?"

"ನಿಮ್ಮ ಫೋನು ನಿಂತ ಮೇಲೆ ಎಲ್ರೂ ಇಲ್ಲೇ ಕೂತಿದ್ದ ನಿಮ್ಮ ಮನೆಯವರನ್ನೇ ಹಿಡ್ಕೊಂಡ್ವಿ. ಏನು ಚುರುಕು ಅಂತೀರಿ! ಅರ್ಧ ಗಂಟೇಲಿ ನೀರು ಬಂತು, ಡಾಕ್ಟ್ರು ಬಂದ್ರು. ಇನ್ನು ಯಾರನ್ನ ಹುಡುಕೋದು?"

ಜನ ಸರಿದರು. ಮೇಜಿನ ಹಿಂದೆ ಹೆಂಡತಿ ಕೂತಿದ್ದಳು. ಮುಡಿಯಲ್ಲಿ ಪೆನ್ನು, ಮುಂದೆ ಸಂಘದ ಫೈಲು. ಹನ್ನೊಂದು ದಿನಗಳ ಮೇಲೆ ಅವಳು ಬಾಯಿ ತೆರೆದಳು.

"ಬಂದ್ರಾ? ಹಾಗೇ ಮೇಲೆ ಹೋಗಿ ಟ್ಯಾಂಕಿನ ವಾಲ್ವು ನೋಡ್ಬಿಟ್ಟು ಬನ್ನಿ. ಮೆಟ್ಟಿಲು ಹತ್ತಿ ಹೋಗಿ, ಲಿಫ್ಟು ಬಿಚ್ಚಿ ಹಾಕಿದಾರೆ."

"ನನ್ನನ್ನ ಬಿಡುಗಡೆ ಮಾಡಿದ್ರಲ್ಲೇ!"

"ಕಾರ್ಯದರ್ಶಿ ಕೆಲಸದಿಂದ ಮಾಡಿದಾರೆ. ಸಹಾಯಕ ಕಾರ್ಯದರ್ಶಿ ಅಂತ ನಿಮ್ಮ ಹೆಸರು ನಾನೇ ಬರೆಸಿದೆ. ಅವರನ್ನ ಒಂದು ಮಾತು ಕೇಳ್ಬೇಕಲ್ವಾ ಅಂದ್ರು ಡಾಕ್ಟ್ರು. ಬೇಡ ಅನ್ನೋಕೆ ನಮ್ಮನೆಯವರಿಗೆ ಬರಲ್ಲ ಅಂದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಪಾರಿವಾಳದ ವಿಷಯ ಎತ್ತಿದಳು, ಡಾಕ್ಟರು ನಡುವೆ ಬಾಯಿ ಹಾಕಿದರು, ಹೆಡ್‌ಮಾಸ್ಟರು ಇಬ್ಬರನ್ನೂ ಗದರಿದರು. ಕುರ್ಚಿಗಳೆಲ್ಲ ಅವಳ ಮೇಜಿನತ್ತ ತಿರುಗಿದವು.

ಅವನು ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತು, ಅವರ ಬೆನ್ನುಗಳಿಗೆ ಹೇಳಿದ. "ಯಾರಾದ್ರೂ ಈ ಬೂಟು ಬಿಚ್ಚಿಕೊಡ್ತೀರಾ? ನನಗೆ ಬಗ್ಗೋಕೆ ಆಗ್ತಿಲ್ಲ."