ಸತ್ತ ಗಂಡನ ಹೆಸರಲ್ಲಿ ನಡೆಯುತ್ತಿದ್ದ ಮಗ್ಗ

ಯಂತ್ರ ಬಂದರೆ ಕೆಲಸ ಹಗುರ ಅನ್ನುವವರನ್ನು ಮೊಳಕಾಲ್ಮೂರಿಗೆ ಕರೆತಂದು ನಮ್ಮ ಮನೆಯಲ್ಲಿ ಬಿಡಬೇಕು. ಸೊಂಟನೋವು ಹೋಗಲಿಲ್ಲ, ಅದರ ಜೊತೆಗೆ ತಲೆನೋವು ಬಂತು, ಅಷ್ಟೇ. ನಾನು ಓದಿದವಳಲ್ಲ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತೆ. ಆದರೂ ಕಂಪ್ಯೂಟರನ್ನು ಒಳಗಿಂದ ನಡೆಸುವ ಲಿನಕ್ಸ್ ಅಂದರೆ ಏನು ಅಂತ ಈಗ ನನಗೂ ಸ್ವಲ್ಪ ಗೊತ್ತು. ಗೊತ್ತಾಗಲಿ ಅಂತ ನಾನೇನೂ ಹರಕೆ ಹೊತ್ತಿರಲಿಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಹಿಂದೆ ತೂತು ಹೊಡೆದ ರಟ್ಟು ನೇತುಹಾಕಿ ಸೀರೆಯ ಚಿತ್ತಾರ ತೆಗೆಯುತ್ತಿದ್ದೆವು. ಇಲಿ ರಟ್ಟು ಕಡಿದರೆ ನವಿಲಿಗೆ ಒಂದು ಕಾಲು ಇರುತ್ತಿರಲಿಲ್ಲ, ಅದಕ್ಕಿಂತ ದೊಡ್ಡ ತೊಂದರೆ ಕಂಡಿರಲಿಲ್ಲ. ನನ್ನ ಗಂಡ ಯಾರು ಬೇಡ ಅಂದರೂ ಕೇಳದೆ ರಟ್ಟಿನ ಜಾಗಕ್ಕೆ ಒಂದು ಕಂಪ್ಯೂಟರ್ ಪೆಟ್ಟಿಗೆ ತಂದು ಹಾಕಿಸಿದ. ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಅಂತ ಮಗ್ಗಕ್ಕೆ ಹೇಳುವುದು ಅದರ ಕೆಲಸ. ತಂದುಹಾಕಿದವನು ಹೆಚ್ಚು ದಿನ ಇರಲಿಲ್ಲ, ಹೋಗಿಬಿಟ್ಟ. ಪೆಟ್ಟಿಗೆ ಉಳಿಯಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ನೇಯುವವರು ಸತ್ತರೆ ಅವರು ಕೂರುತ್ತಿದ್ದ ಹಲಗೆ ತೆಗೆದು, ಹೊಸದು ಹಾಕಿದ ಮೇಲೇ ಬೇರೆಯವರು ಮಗ್ಗದ ಗುಂಡಿಗೆ ಇಳಿಯಬೇಕು. ಹಾಗೇ ಮಾಡಿದೆವು. ಹಳೇ ಹಲಗೆ ಒಲೆಗೆ ಹೋಯಿತು. ಒಳ್ಳೇ ಮರ, ಚೆನ್ನಾಗಿ ಉರಿಯಿತು. ಆಮೇಲೆ ಸೊಸೆ ಭಾಗ್ಯನಿಗೆ, "ಆ ಪೆಟ್ಟಿಗೇಲೂ ಅವನ ಹಲಗೆ ತೆಗೀಯೇ" ಅಂದೆ. ಪೆಟ್ಟಿಗೆಯೊಳಗೆ ಹೋಗಲು ಅವನಿಗೊಂದು ಹೆಸರು, ಅವಳಿಗೊಂದು ಹೆಸರು ಇದ್ದವು.

"ಹೆಸರು ಅಳಿಸಿದ್ರೆ ಮಾವನ ಡಿಸೈನೆಲ್ಲ ಹೋಗ್ತಾವೇನೋ ಅತ್ತೆ" ಅಂದಳು. ಫೋನಿನಲ್ಲಿ ಅದು ಇದು ನೋಡಿ, ಹೆಸರು ಹಾಗೇ ಬಿಟ್ಟು, ಆ ಹೆಸರಿನವರು ಒಳಗೆ ಬಂದು ಕೂರುವ ಜಾಗ ಮಾತ್ರ ಕಿತ್ತಳು. ಅದಕ್ಕೆ ಲಾಗಿನ್ ಶೆಲ್ ಅಂತಾರಂತೆ. ಪೆಟ್ಟಿಗೆ ಏನೂ ಅನ್ನಲಿಲ್ಲ. ನಡೆಯುತ್ತಿದ್ದದ್ದು ನಡೆಯುತ್ತಲೇ ಇತ್ತು.

ಅಷ್ಟರಲ್ಲಿ ಭಾಗ್ಯನ ತಂಗಿಗೆ ತಳಕಿನ ಕಡೆ ಗಂಡು ಗೊತ್ತಾಯಿತು. ಧಾರೆ ಸೀರೆ ನಾನೇ ನೇಯ್ದು ಕೊಡ್ತೀನಿ ಅಂತ ಇವಳು ತವರಿನಲ್ಲಿ ಎಲ್ಲರೆದುರು ಹೇಳಿ ಬಂದಳು. ಸೆರಗಿನ ನವಿಲು ಅರ್ಧ ಮೂಡಿತ್ತು, ಕರೆಂಟ್ ಹೋಯಿತು. ಮತ್ತೆ ಬಂದಾಗ ಪೆಟ್ಟಿಗೆಯ ದೀಪ ಹತ್ತಿತು, ಎಳೆ ಮಾತ್ರ ಒಂದೂ ಏಳಲಿಲ್ಲ. ಭಾಗ್ಯ ಮಾವನ ಹೆಸರು ಹೊಡೆದಳು. ಒಳಗೆ ಬಿಟ್ಟ ಹಾಗೆ ಮಾಡಿ ಹೊರಗೆ ದಬ್ಬಿತು. ತನ್ನ ಹೆಸರಿನಲ್ಲಿ ಹೋಗಿ, ಅಲ್ಲಿಂದ ಮಾವನಾಗಿ ಬದಲಾಗಲು ನೋಡಿದಳು. ಈ ಖಾತೆ ಸದ್ಯಕ್ಕೆ ಇಲ್ಲ ಅಂತ ಇಂಗ್ಲಿಷಿನಲ್ಲಿ ಬಂತಂತೆ.

"ಇಲ್ಲ ಅಂತ ಊರಿಗೆಲ್ಲ ಗೊತ್ತು, ಇದಕ್ಕೆ ಈಗ ಗೊತ್ತಾಯ್ತಾ?" ಅಂದೆ.

ಅವಳು ನಗಲಿಲ್ಲ. "ಅರ್ಧ ನವಿಲು ಉಟ್ಕೊಂಡು ಹಸೆಮಣೆ ಏರ್ತಾಳಾ ಅತ್ತೆ? ತಳಕಿನೋರು ಸಾಯೋತನಕ ಆಡ್ಕೊಂತಾರೆ ಅವಳ್ನ."

ಚಳ್ಳಕೆರೆಯಿಂದ ಕಂಪ್ಯೂಟರ್ ರಿಪೇರಿಯ ಇಲಿಯಾಸ್ ಬೈಕಿನಲ್ಲಿ ಬಂದ. ನಡುವಯಸ್ಸಿನವನು, ಮಾತು ಕಮ್ಮಿ. ನೋಡಿ, "ಯಜಮಾನ್ರ ಶೆಲ್ ಯಾರು ತೆಗೆದಿದ್ದು?" ಅಂದ. ಭಾಗ್ಯ ನನ್ನ ಕಡೆ ನೋಡಿದಳು. ನಾನು ಹೊರಗೆ ಮೇಕೆ ನೋಡಿದೆ.

ವಿಷಯ ಇಷ್ಟು. ಪೆಟ್ಟಿಗೆ ಎದ್ದ ಕೂಡಲೇ ಮೊದಲು ನನ್ನ ಗಂಡನಾಗಿ, ಅವನ ಜಾಗದಲ್ಲಿ ಕೂತು, ಆಮೇಲೆ ಮಗ್ಗಕ್ಕೆ ಕೆಲಸ ಹೇಳುತ್ತಿತ್ತು. ಜಾಗ ಕಿತ್ತಾಗ ಅದು ಆಗಲೇ ಒಳಗಿತ್ತು, ಹಾಗಾಗಿ ಏನೂ ತೊಂದರೆಯಾಗಲಿಲ್ಲ. ಕರೆಂಟ್ ಹೋಗಿ ಮತ್ತೆ ಏಳುವಾಗ ಸಿಕ್ಕಿಬಿತ್ತು.

"ಅವ್ರ ಶೆಲ್ ವಾಪಸ್ ಕೊಟ್ಬಿಡ್ಲಾ ಅವ್ವ? ಈಗ್ಲೇ ಸರಿಹೋಗ್ತದೆ."

"ಬ್ಯಾಡಪ್ಪ. ಬದುಕಿದ್ದಾಗ ಅವನ್ನ ಎಬ್ಬಿಸಿ ಎಬ್ಬಿಸಿ ಸಾಕಾಗಿತ್ತು. ಈಗ ಕರೆಂಟ್ ಹೋದಾಗೆಲ್ಲ ಎಬ್ಬಿಸ್ಬೇಕಾ?"

ಹಾಗಾದರೆ ಸರ್ವಿಸ್ ಅಂತ ಮಾಡಿ ಕೂರಿಸುತ್ತೇನೆ ಅಂದ. ಅದು ಬರೀ ದುಡಿಯುವ ಹೆಸರು, ಬಾಯಿ ಬಿಡುವುದಿಲ್ಲ, ಪಾಸ್‌ವರ್ಡ್ ಇಲ್ಲ, ಶೆಲ್ ಬೇಡ. ಕರೆಂಟ್ ಬಂದರೆ ತಾನೇ ಎದ್ದು ಕೆಲಸಕ್ಕೆ ಹತ್ತುತ್ತಂತೆ. ಹೊಸ ಹೆಸರು ಏನಿಡಲಿ ಅಂದಾಗ ಭಾಗ್ಯ ಪಕ್ಕದಲ್ಲಿ ಕೂತು ಏನೋ ಹೊಡೆದಳು. ಸರ್ವಿಸ್ ಎದ್ದಿತು, ಮಗುಚಿಬಿತ್ತು. ಡಿಸೈನೆಲ್ಲ ಇನ್ನೂ ನನ್ನ ಗಂಡನ ಹೆಸರಿನಲ್ಲೇ ಇದ್ದವು, ಬೇರೆಯವರು ಮುಟ್ಟುವಂತಿಲ್ಲ. ನಮ್ಮ ಹೊಲದ ಖಾತೆ ಇವತ್ತಿಗೂ ನನ್ನ ಮಾವನ ಹೆಸರಲ್ಲಿ ಐತೆ; ಎದ್ದು ಹೋಗಿ ಬದಲಾಯಿಸಲು ಮನೆಯಲ್ಲಿ ಯಾರಿಗೂ ಮೈಬಗ್ಗಿಲ್ಲ. ಇಲಿಯಾಸ್ ಒಂದು ಸಾಲು ಹೊಡೆದ, ಡಿಸೈನ್‌ಗಳ ಒಡೆತನ ಬದಲಾಯಿತು.

"ಯಾರ ಹೆಸರಿಟ್ಟೆ?" ಅಂತ ಕೇಳಿದೆ.

"ನಿಮ್ದೇ ಅತ್ತೆ."

ಒಂದು ಕ್ಷಣ ನನಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. "ನಂದ್ಯಾಕೆ?"

"ಇಲಿಯಾಸಣ್ಣ ಹೇಳಿದ್ರಲ್ಲ, ಈ ಹೆಸರಿನೋರು ಕೆಲ್ಸ ಮಾಡ್ತಾರೆ, ಬಾಯಿ ಬಿಡಲ್ಲ ಅಂತ. ಒಂದು ಕಡೆಯಾದ್ರೂ ಹಂಗಿರ್ಲಿ ಅಂತ ಇಟ್ಟೆ."

ಇಲಿಯಾಸ್ ಕೆಮ್ಮಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ಎಳೆಗಳು ಎದ್ದವು. ಭಾಗ್ಯ ಗುಂಡಿಗೆ ಹಾರಿ, ನಿಂತ ಸಾಲು ಹುಡುಕಿ ಲಾಳಿ ಬಿಟ್ಟಳು. ನವಿಲಿಗೆ ಕತ್ತು ಬರತೊಡಗಿತು. ಸೆರಗು ನೇಯುವವರ ತಲೆ ಕೆಡಿಸಬಾರದು. ಸುಮ್ಮನಾದೆ. ಸೀರೆ ಮಗ್ಗದಿಂದ ಇಳಿದು, ಆ ಹುಡುಗಿ ಅದನ್ನುಟ್ಟು ಹಸೆಮಣೆ ಏರುವವರೆಗೂ ಸುಮ್ಮನೇ ಇದ್ದೆ. ಬಾಯಿ ಬಿಡಬೇಡಿ ಅಂದಿದ್ದಾಳೆ, ಬರೀಬೇಡಿ ಅಂದಿಲ್ಲ. ಅದಕ್ಕೇ ಒಂದೊಂದೇ ಅಕ್ಷರ ಕೂಡಿಸಿ ಇಷ್ಟು ಬರೆದೆ.