ಬೀಗರಿಗೊಂದು ಸಿಂಗಲ್ ಮಾಲ್ಟ್

ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಅದನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದಾಗ, ಮನೆ ಮಾಲೀಕ ಮುನಿಯಪ್ಪನವರು ಒಂದು ಸಂಜೆ ಬಂದರು. "ಸಾರ್, ಮಗಳ ಸಂಬಂಧ ಕುದುರೋ ಅಂಗೈತೆ. ಹುಡುಗನ ತಂದೆ ಪೀಣ್ಯದ ಫ್ಯಾಕ್ಟ್ರೀಲಿ ಫೋರ್‌ಮನ್ನು, ಜರ್ಮನಿಗೆ ಓಗಿ ಬಂದೋರು. ಭಾನುವಾರ ಬಾಡೂಟಕ್ಕೆ ಬತ್ತಾರೆ. ಅವ್ರ ಮುಂದೆ ರಮ್ ಇಡಕ್ಕಾಯ್ತದಾ? ಜೇಬಿಗೆ ಭಾರ ಆಗ್ದಂಗೆ ಒಂದು ಒಳ್ಳೆ ಸ್ಕಾಚ್ ನೀವೇ ಆರಿಸ್ಕೊಡಿ" ಎಂದರು. ಸ್ಕಾಚ್ ಬಾಟಲಿಯನ್ನು ನಾನು ನೋಡಿದ್ದು ನಮ್ಮ ಸಂಪಾದಕರ ಮನೆಯ ಕಿಟಕಿಯಲ್ಲಿ. ಅದರೊಳಗೆ ಮನಿಪ್ಲಾಂಟ್ ಇತ್ತು. ಆದರೂ ಗಂಭೀರವಾಗಿ "ನೋಡೋಣ" ಎಂದೆ.

ವೈಟ್‌ಫೀಲ್ಡಿನಲ್ಲಿ ಡೆನ್ಸಿಲ್ ಎಂಬ ಹಿರಿಯರಿದ್ದರು, ನಮ್ಮ ಪತ್ರಿಕೆಯಲ್ಲೇ ಪ್ರೂಫ್ ತಿದ್ದಿ ನಿವೃತ್ತರಾದವರು. ಮಗ ಹಡಗಿನಲ್ಲಿದ್ದುದರಿಂದ ಮನೆಯಲ್ಲಿ ಮಾರಾಟಕ್ಕೆ ಫಾರಿನ್ ಬಾಟಲಿಗಳಿರುತ್ತಿದ್ದವು. ಅವರಲ್ಲಿಗೆ ಹೋದೆ. ಎಲ್ಲರಿಗೂ ಹೆಸರು ಗೊತ್ತಿರುವ ಬಾಟಲಿ ದುಬಾರಿ. ಅದರ ಪಕ್ಕದ್ದು ಅಗ್ಗ. "ಇದೂ ಸ್ಕಾಚೇ ಮ್ಯಾನ್, ಸಿಂಗಲ್ ಮಾಲ್ಟ್. ಒಂದೇ ಕಡೆ ಮಾಡಿದ್ದು, ಬೆರಕೆ ಇಲ್ಲ. ಹೆಸರು ಹೇಳಕ್ಕೆ ಬರಲ್ಲ ಅಂತ ಯಾರೂ ಕೇಳಲ್ಲ, ಅದಕ್ಕೇ ಅಗ್ಗ. ಸ್ವಲ್ಪ ಹೊಗೆ ವಾಸನೆ ಇರತ್ತೆ, ಅಷ್ಟೆ" ಎಂದರು. ವರದಿಗಾರನ ಶಿಸ್ತಿನಿಂದ ಸೀಲು, ಲೇಬಲ್ಲು, ಡಬ್ಬ ಎಲ್ಲ ಪರೀಕ್ಷಿಸಿದೆ. 'ಸ್ವಲ್ಪ' ಎಂದರೆ ಎಷ್ಟು ಎಂದು ಮಾತ್ರ ಕೇಳಲಿಲ್ಲ.

ಭಾನುವಾರ ಗಂಡಸರು ಮಹಡಿ ಹತ್ತಿ ಕೂತೆವು. ಬೀಗರಾಗಲಿದ್ದ ರಂಗಸ್ವಾಮಿಯವರು ಒಂದು ಗುಟುಕು ಕುಡಿದು ಮುಖ ಗಂಟಿಕ್ಕಿದರು. "ಏನ್ರೀ ಇದು, ಆಸ್ಪತ್ರೆ ವಾಸನೆ!" ಮುನಿಯಪ್ಪನವರು ನನ್ನನ್ನೇ ನೋಡಿದರು. ಕೆಳಗೆ ಹುಡುಗಿ ಎಲೆ ಹಾಕುತ್ತಿದ್ದಳು. ಸಂಬಂಧ ಮುರಿದರೆ ಕಾರಣ ನಾನು.

"ಹೊಗೆ ವಾಸನೆ ಬಂದ್ರೇನೇ ಅಸಲಿ ಅಂತೆ. ಜರ್ಮನೀಲಿ ಇದನ್ನ ಕುಡಿದೇ ಇರ್ತೀರಲ್ಲ?" ಎಂದೆ.

ರಂಗಸ್ವಾಮಿಯವರು ಗಂಟಿಕ್ಕಿದ್ದ ಮುಖ ಸಡಿಲಿಸಿ, "ಕುಡೀದೆ ಏನು! ಅಲ್ಲಿ ದಿನಾ ಇದೇ ಕಣ್ರೀ" ಎಂದು ಲೋಟ ಖಾಲಿ ಮಾಡಿದರು. ಮುನಿಯಪ್ಪನವರೂ ಬಿಡಲಿಲ್ಲ. "ಸಕ್ಕತ್ತಾಗೈತೆ" ಎಂದು ಕಣ್ಣೊರೆಸಿಕೊಂಡರು. ಯಾರ ವರದಿಯಲ್ಲಿ 'ಅದ್ಭುತ' ಎಂದಿದ್ದರೂ ಹೊಡೆದುಹಾಕುವ ನಾನು ಅಂದು ಆ ಪದವನ್ನು ಮತ್ತೆ ಮತ್ತೆ ಬಳಸಿದೆ. ಮದುವೆ ನಿಶ್ಚಯವಾಯಿತು.

ಹೊರಡುವಾಗ ರಂಗಸ್ವಾಮಿಯವರು ಗೇಟಿನ ಬಳಿ ನನ್ನ ಕಿವಿಗೆ ಬಾಗಿ, "ಮುನಿಯಪ್ನೋರಿಗೆ ಇದಂದ್ರೆ ಪ್ರಾಣ. ಮದುವೆಗೂ ಒಂದು ತರ್ಸಿ ಸಾರ್. ನನಗೆ ಮಾತ್ರ ರಮ್ ಸಾಕು" ಎಂದರು. ಒಳಗೆ ಬಂದರೆ ಮುನಿಯಪ್ಪನವರು, "ಬೀಗ್ರು ಎಂಗೆ ಕುಡುದ್ರು ನೋಡುದ್ರಾ? ಮದ್ವೆಗೂ ಅದೇ ಇರ್ಲಿ. ನಂಗೆ ಮಾತ್ರ ರಮ್ಮು" ಎಂದರು.

ಸುದ್ದಿಮೂಲವನ್ನು ಬಿಟ್ಟುಕೊಡದಿರುವುದು ನಮ್ಮ ವೃತ್ತಿಧರ್ಮ. ಇಬ್ಬರಿಗೂ ಏನೂ ಹೇಳಲಿಲ್ಲ. ಮದುವೆಯ ಮರುದಿನ ಅದೇ ಮಹಡಿಯ ಮೇಲೆ ಅದೇ ಹೆಸರಿನ ಹೊಸ ಬಾಟಲಿ ಬಂತು. "ನೀವು ತಗೊಳ್ಳಿ ಬೀಗ್ರೇ", "ಇಲ್ಲ, ಮೊದ್ಲು ನೀವು" ಎಂಬ ಉಪಚಾರ ಬಹಳ ಹೊತ್ತು ನಡೆಯಿತು. ಕೊನೆಗೆ ಬೀಗರಿಬ್ಬರೂ ಒಮ್ಮತಕ್ಕೆ ಬಂದು, "ಇದರ ಬೆಲೆ ಗೊತ್ತಿರೋದು ಸಾರ್‌ಗೆ ಮಾತ್ರ" ಎಂದು ಬಾಟಲಿಯನ್ನು ನನ್ನ ಮುಂದಿಟ್ಟು, ನೆಮ್ಮದಿಯಾಗಿ ರಮ್ ಬಗ್ಗಿಸಿಕೊಂಡರು.

ಮೂಗು ಹಿಡಿಯುವಂತಿರಲಿಲ್ಲ, ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಅದ್ಭುತ" ಎಂದೆ.