ದೀಪ ಹಚ್ಚಿದ ಮೇಲೆ ಉಪ್ಪು

ಶ್ಯಾಮಲಮ್ಮ: ನೀರು ಹಸಿರಾಗಿದೆ ಅಂದ್ರೆ ಹಸಿರಾಗಿದೆ. ಇದ್ರಲ್ಲಿ ವಾದ ಮಾಡೋಕೆ ಏನಿದೆ?

ಆವಲಪ್ಪ: ಹಸಿರಲ್ಲ ಕಣೆ. ತೆಂಗಿನಮರದ ನೆರಳು ಬಿದ್ದಿದೆ.

ಶ್ಯಾಮಲಮ್ಮ: ತೆಂಗಿನಮರ ಇರೋದು ಮನೆ ಹಿಂದೆ. ನೆರಳೇನು ಮಾಳಿಗೆ ಹತ್ತಿ ಈ ಕಡೆ ಇಳಿದು ಬಂತಾ?

ಆವಲಪ್ಪ: ಸರಿ, ಹಸಿರೇ ಅಂದ್ಕೋ. ಊರ ಕೆರೆ ನೀರು ಹಸಿರಾಗಿಲ್ವಾ? ಯಾರಾದ್ರೂ ಕೇಳ್ತಾರಾ?

ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ಚಪ್ಪರದ ಪಕ್ಕ ಈ ಗಂಡ ಹೆಂಡತಿಯ ಹೊಸ ಮನೆ. ಅಂಗಳದಲ್ಲಿ ಈಜುಕೊಳ. ಸುತ್ತಮುತ್ತ ಯಾರ ಮನೆಯಲ್ಲೂ ಇಲ್ಲದ್ದು ತಮ್ಮ ಮನೆಯಲ್ಲಿರಬೇಕು ಎಂಬ ಒಂದೇ ಕಾರಣಕ್ಕೆ ಆವಲಪ್ಪನವರು ಕಟ್ಟಿಸಿದ್ದು. ಅದೂ ಸಾಮಾನ್ಯ ಕೊಳವಲ್ಲ. ನೀರಿಗೆ ಉಪ್ಪು ಸುರಿದರೆ, ಗೋಡೆಯ ಮೇಲಿನ ಯಂತ್ರ ಆ ಉಪ್ಪಿನಿಂದಲೇ ಕ್ಲೋರಿನ್ ಮಾಡಿಕೊಂಡು ನೀರನ್ನು ಶುದ್ಧವಾಗಿಡುತ್ತದೆ. ಹಾಗೆಂದು ಮಾರಿದವರು ಹೇಳಿದ್ದರು.

ಈಗ ನೋಡಿದರೆ ನೀರು ಹಸಿರಾಗಿದೆ, ನಾಡಿದ್ದು ಭಾನುವಾರ ಚಿಂತಾಮಣಿಯಿಂದ ಬೀಗರು ಬರುತ್ತಾರೆ. ಬರುವುದು ಊಟಕ್ಕಲ್ಲ. ಮಗಳ ಮದುವೆಯ ಪಂಕ್ತಿಯಲ್ಲಿ ಆವಲಪ್ಪನವರು, "ಚಿಕ್ಕಂದಿನಲ್ಲಿ ಬಾವಿಗೆ ಹಾರಿ ತಳದ ಮಣ್ಣು ಹಿಡ್ಕೊಂಡು ಮೇಲೆ ಬಂದೋನು ನಾನು" ಎಂದು ಹೇಳಿದ್ದರು. ಆ ಈಜನ್ನು ಕಣ್ಣಾರೆ ನೋಡಲು ಬರುತ್ತಿದ್ದಾರೆ.

ಆವಲಪ್ಪ: ಒಂದು ಕೆಲಸ ಮಾಡ್ತೀನಿ. ದ್ರಾಕ್ಷಿಗೆ ಹೊಡೆಯೋ ಮೈಲುತುತ್ತ ಮಿಕ್ಕಿದೆ. ಅದನ್ನೇ ಇದಕ್ಕೂ ಸುರೀತೀನಿ.

ಶ್ಯಾಮಲಮ್ಮ: ಸುರೀರಿ. ಬೀಗರು ನೀಲಿ ಬಣ್ಣ ಬಳ್ಕೊಂಡು ಚಿಂತಾಮಣಿಗೆ ವಾಪಸ್ ಹೋಗ್ಲಿ.

ಅಷ್ಟರಲ್ಲಿ ಗೇಟು ಸದ್ದಾಯಿತು. ಬಂದವನು ಈ ಯಂತ್ರ ಕೂರಿಸಿದ ರಮೇಶ್‌ಬಾಬು. ಹೋದ ವಾರವೇ ಫೋನ್ ಮಾಡಿ ಬರಹೇಳಿದ್ದು ಶ್ಯಾಮಲಮ್ಮ. ಅವನನ್ನು ಕಂಡು ಆವಲಪ್ಪನವರ ಮುಖ ಸಪ್ಪಗಾಯಿತು. ರಮೇಶ್‌ಬಾಬು ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸಣ್ಣ ಗಾಜಿನ ಕೊಳವೆಗೆ ನೀರು ತುಂಬಿ, ಔಷಧಿಯ ಹನಿ ಹಾಕಿ ಅಲ್ಲಾಡಿಸಿದ.

ರಮೇಶ್‌ಬಾಬು: ಹಳದಿ ಬರ್ಬೇಕಿತ್ತು ಸಾರ್. ಏನೂ ಬರ್ಲಿಲ್ಲ. ಕ್ಲೋರಿನ್ ಸುದ್ದಿನೇ ಇಲ್ಲ.

ಆವಲಪ್ಪ: ಬಿಸಿಲು ಕಣಪ್ಪ. ನಮ್ಮ ಕಡೆ ಬಿಸಿಲಿಗೆ ಏನು ತಾನೆ ಉಳಿಯುತ್ತೆ? ಭಾನುವಾರ ಯಾರೂ ನೀರಿಗಿಳೀಬಾರ್ದು ಅಂತ ನೀನೇ ಒಂದು ಮಾತು ಹೇಳ್ಬಿಡು.

ರಮೇಶ್‌ಬಾಬು: ಬಿಸಿಲಿಗೆ ಸ್ವಲ್ಪ ಹಾರಿಹೋಗುತ್ತೆ, ಪೂರ್ತಿ ಹೋಗಲ್ಲ. ಪಂಪು ದಿನಾ ಓಡಿಸ್ತಿದೀರಾ?

ಆವಲಪ್ಪ: ಕರೆಂಟು ಎಲ್ಲಪ್ಪ ಇರುತ್ತೆ ಇಲ್ಲಿ?

ಶ್ಯಾಮಲಮ್ಮ: ಜನರೇಟರ್ ಇದೆಯಲ್ಲ. ದಿನಾ ನಾನೇ ಹಾಕ್ತೀನಿ.

ಆವಲಪ್ಪ: ನಿನ್ನನ್ನ ಯಾರು ಕೇಳಿದ್ರು?

ರಮೇಶ್‌ಬಾಬು: ಹೋದ ವಾರ ಫೋನಲ್ಲಿ ಹೇಳಿದ್ನಲ್ಲಮ್ಮ, ಸೆಲ್ಲು ತೆಗೆದು ಮೇಲಿರೋ ಬಿಳೀ ಕೊಳೆನ ಹುಳಿ ಹಾಕಿ ತೊಳೀರಿ ಅಂತ. ತೊಳೆದ್ರಾ?

ಶ್ಯಾಮಲಮ್ಮ: ತೊಳೆಯದೆ ಏನು? ಹುಣಸೆಹಣ್ಣು ನೆನೆಸಿ, ದೇವರ ಸಾಮಾನು ಬೆಳಗೋ ಹಾಗೆ ತಿಕ್ಕಿದೀನಿ. ಬಿಳೀದು ಏನೂ ಕಾಣ್ಲಿಲ್ಲ. ಆದ್ರೂ ಹೇಳಿದ್ಯಲ್ಲ ಅಂತ ತಿಕ್ಕಿದೆ.

ರಮೇಶ್‌ಬಾಬು: ಬಿಳೀದೇ ಇರ್ಲಿಲ್ವಾ? ಸೆಲ್ಲು ಎಲ್ಲಿತ್ತಮ್ಮ?

ಶ್ಯಾಮಲಮ್ಮ: ಎಲ್ಲಿರುತ್ತೆ? ಇವರ ಅಂಗಿ ಜೇಬಲ್ಲಿ. ಒಣಗಿಸಿ ಮತ್ತೆ ಜೇಬಲ್ಲೇ ಇಟ್ಟೆ.

ಆವಲಪ್ಪನವರು ಜೇಬಿನಿಂದ ಮೊಬೈಲು ತೆಗೆದು ಮೂಸಿ ನೋಡಿದರು.

ಆವಲಪ್ಪ: ಅದಕ್ಕೇನಾ ಇದು ಸಾರಿನ ವಾಸನೆ ಹೊಡೀತಿರೋದು? ಭಾನುವಾರ ಬರ್ಬೇಡಿ ಅಂತ ಬೀಗರಿಗೆ ಹೇಳೋಣ ಅಂದ್ರೆ ರಿಂಗೇ ಹೋಗ್ತಿಲ್ಲ.

ಶ್ಯಾಮಲಮ್ಮ: ಬರ್ಬೇಡಿ ಅಂತ ಯಾಕೆ ಹೇಳ್ಬೇಕು?

ಆವಲಪ್ಪ: ಹಾಗಲ್ಲ. ನೀರು ಹೀಗಿದೆಯಲ್ಲ ಅಂತ.

ರಮೇಶ್‌ಬಾಬು: ಅಮ್ಮಾ, ಆ ಸೆಲ್ಲಲ್ಲ. ಪೈಪಲ್ಲಿರೋ ಸೆಲ್ಲು. ನೀರು ಅದರೊಳಗೆ ಹಾದು ಹೋಗುವಾಗ್ಲೇ ಕ್ಲೋರಿನ್ ಆಗೋದು.

ಶ್ಯಾಮಲಮ್ಮ: ನೋಡಪ್ಪ, ಪೈಪಿಗೂ ಒಂದು ಸೆಲ್ಲು ಕೊಡಿಸಿದಾರೆ. ನನಗೆ ಕೊಡ್ಸಿಲ್ಲ.

ರಮೇಶ್‌ಬಾಬು ಪೈಪು ಬಿಚ್ಚಿ, ಒಳಗಿನ ತಗಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಜೋಡಿಸಿದ. ಆಮೇಲೆ ಗೋಡೆಯ ಯಂತ್ರದ ಕಡೆ ತಿರುಗಿದ.

ರಮೇಶ್‌ಬಾಬು: ಸೆಲ್ಲು ಬಾಗುಂದಿ ಸಾರ್, ಹೊಸದರ ಹಾಗೇ ಇದೆ. ಆದ್ರೆ ಇಲ್ಲಿ ಕೆಂಪು ಲೈಟು ಉರೀತಿದೆ. ಉಪ್ಪು ಕಮ್ಮಿ ಅಂತ ಅರ್ಥ. ಉಪ್ಪು ಎಷ್ಟು ಹಾಕಿದ್ರಿ?

ಶ್ಯಾಮಲಮ್ಮ: ಶ್. ದೀಪ ಹಚ್ಚಿ ಆಯ್ತು, ಶುಕ್ರವಾರ ಬೇರೆ. ಆ ಹೆಸರು ಎತ್ತಬಾರ್ದು. ರುಚಿ ಅನ್ನು.

ರಮೇಶ್‌ಬಾಬು: ಸರೇ. ರುಚಿ ಎಷ್ಟಿದೆ ಅಂತ ನೋಡಿದ್ರಾ ಸಾರ್?

ಆವಲಪ್ಪ: ನೋಡಿದೆ. ನಾಲಿಗೆಗೆ ಹಚ್ಚಿ ನೋಡಿದೆ. ಸರಿಯಾಗೇ ಇದೆ.

ರಮೇಶ್‌ಬಾಬು: ನಾಲಿಗೇಲಿ ನೋಡೋಕೆ ಇದು ಸಾರಲ್ಲ ಸಾರ್. ನಾನು ಕಳ್ಸಿದ ಮೂಟೆಗಳು ಎಲ್ಲಿ?

ಶ್ಯಾಮಲಮ್ಮ: ಒಳಗೆ, ಉಗ್ರಾಣದಲ್ಲಿ. ಹೊಲಿಗೆ ಸಹ ಬಿಚ್ಚಿಲ್ಲ.

ರಮೇಶ್‌ಬಾಬು: ಬಿಚ್ಚೇ ಇಲ್ವಾ? ರುಚಿ ಹಾಕ್ದೆ ಕ್ಲೋರಿನ್ ಎಲ್ಲಿಂದ ಬರುತ್ತೆ?

ಆವಲಪ್ಪ: ಸಂಜೆ ಹಾಕಿ ಅಂತ ನೀನೇ ಹೇಳಿದ್ದೆ. ಸಂಜೆ ಹೊತ್ತಲ್ಲಿ ಅದು ಹೊಸ್ತಿಲು ದಾಟಿದ್ರೆ, ಮನೆ ಲಕ್ಷ್ಮಿನೂ ಅದರ ಹಿಂದೇನೇ ಹೋಗ್ತಾಳೆ. ಈಜುಕೊಳಕ್ಕೋಸ್ಕರ ಲಕ್ಷ್ಮೀನ ಕಳ್ಕೊಳ್ಳೋಕಾಗುತ್ತಾ?

ರಮೇಶ್‌ಬಾಬು: ಸಂಜೆ ಅಂದಿದ್ದು ಕ್ಲೋರಿನ್ ಪುಡಿಗೆ ಸಾರ್, ಬಿಸಿಲಿಗೆ ಹಾರಿಹೋಗ್ದೆ ಇರ್ಲಿ ಅಂತ. ರುಚಿನ ಬೆಳಿಗ್ಗೆ ಹಾಕಿದ್ರೂ ಆಗ್ತಿತ್ತು.

ಶ್ಯಾಮಲಮ್ಮ: ನಾನೂ ಬೆಳಿಗ್ಗೆ ಹಾಕೋಣ ಅಂದೆನಪ್ಪ. ಬೆಳಿಗ್ಗೆ ಅಂದ್ರೆ ಕಂಪನಿಯೋರ ಮಾತು ಮೀರಬಾರ್ದು ಅಂದ್ರು. ಸಂಜೆ ಅಂದ್ರೆ ಲಕ್ಷ್ಮಿ ಅಂದ್ರು.

ಶ್ಯಾಮಲಮ್ಮ ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದರು.

ಶ್ಯಾಮಲಮ್ಮ: ದೇವರ ದೀಪಕ್ಕೆ ಎಣ್ಣೆ ಇದೆಯಾ ಅಂತ ಒಂದು ದಿನ ಬಗ್ಗಿ ನೋಡಿದೋರಲ್ಲ ನೀವು. ಈ ಭಕ್ತಿ ಎಲ್ಲಿಂದ ಬಂತು? ರೀ, ನನ್ನ ಮುಖ ನೋಡಿ ಹೇಳಿ. ನಿಮಗೆ ಈಜು ಬರುತ್ತಾ?

ಆವಲಪ್ಪ: ಬಾವಿ ಹತ್ರ ದಿನಾ ಹೋಗ್ತಿದ್ದೆ.

ಶ್ಯಾಮಲಮ್ಮ: ಹೋಗಿ?

ಆವಲಪ್ಪ: ಎಲ್ರೂ ಹಾರೋರು.

ಶ್ಯಾಮಲಮ್ಮ: ನೀವು?

ಆವಲಪ್ಪ: ದಂಡೆ ಮೇಲೆ ಕೂತು ಬಟ್ಟೆ ಕಾಯ್ತಿದ್ದೆ. ಯಾರಾದ್ರೂ ಕಾಯ್ಬೇಕಲ್ಲ.

ರಮೇಶ್‌ಬಾಬುವಿಗೆ ಆಗಲೇ ಬಿಗಿ ಮಾಡಿದ್ದ ಪೈಪನ್ನು ಮತ್ತೊಮ್ಮೆ ಬಿಗಿ ಮಾಡುವ ಕೆಲಸ ನೆನಪಾಯಿತು.

ಶ್ಯಾಮಲಮ್ಮ: ಮತ್ತೆ ತಳದ ಮಣ್ಣು ತಂದಿದ್ದು?

ಆವಲಪ್ಪ: ಅದು... ಮದುವೆ ಆದ ಹೊಸದ್ರಲ್ಲಿ ನೀನು ಹೇಳಿದ್ದು. ಪಂಕ್ತೀಲಿ ಮಾತು ಬಂತು, ಬಾಯಿಗೆ ಅದೇ ಸಿಕ್ತು.

ಶ್ಯಾಮಲಮ್ಮ: ಅಂಬಾಜಿದುರ್ಗದ ಕೆಳಗಿನ ನಮ್ಮಪ್ಪನ ಬಾವಿ ಅದು. ಮಣ್ಣು ತಂದೋಳು ನಾನು. ನಿಮ್ಮ ಬೀಗಿತಿ ನಾರಾಯಣಮ್ಮ ಅದೇ ಊರೋಳು. ಅವತ್ತು ಅಲ್ಲೇ ನಿಂತು ನೋಡ್ತಿದ್ಲು.

ಆವಲಪ್ಪ: ಅಯ್ಯೋ. ಮತ್ತೆ ಮದುವೇಲಿ ನಾನು ಹೇಳ್ದಾಗ ಅವರು ಯಾಕೆ ಸುಮ್ನಿದ್ರು?

ಶ್ಯಾಮಲಮ್ಮ: ನಾನು ಕಣ್ಸನ್ನೆ ಮಾಡ್ದೆ. ಮಗಳ ಮದುವೆ ದಿನ ಅವಳಪ್ಪನ ಮಾನ ಹೋಗೋದು ಬೇಡ ಅಂತ.

ಆವಲಪ್ಪನವರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಹೆಂಡತಿಯ ಮೇಲೆ ಪ್ರೀತಿಯೂ ಉಕ್ಕಿತು. ಎರಡನ್ನೂ ಒಟ್ಟಿಗೆ ತೋರಿಸುವುದು ಹೇಗೆಂದು ತಿಳಿಯದೆ, ಕೈಯಲ್ಲಿದ್ದ ಮೊಬೈಲನ್ನು ಪಂಚೆಯ ಅಂಚಿನಿಂದ ಒರೆಸತೊಡಗಿದರು.

ಆವಲಪ್ಪ: ಈಗೇನು ಮಾಡೋದು ಶ್ಯಾಮಲಾ? ಬೀಗರ ಮುಂದೆ ನಗೆಪಾಟಲಾಗುತ್ತೆ.

ಶ್ಯಾಮಲಮ್ಮ: ರಮೇಶಪ್ಪ, ಈಗ ಎಲ್ಲ ಹಾಕಿದ್ರೆ ಭಾನುವಾರಕ್ಕೆ ನೀರು ತಿಳಿಯಾಗುತ್ತಾ?

ರಮೇಶ್‌ಬಾಬು: ಕ್ಲೋರಿನ್ ಪುಡಿ ತಂದಿದೀನಿ. ಅದನ್ನೂ ಹಾಕಿ, ಪಂಪು ನಿಲ್ಲಿಸ್ದೆ ಓಡಿಸಿದ್ರೆ ಆಗುತ್ತಮ್ಮ. ಆದ್ರೆ ಅದು ಈಗ್ಲೇ ಬೇಕು. ಅದೇ, ರುಚಿ.

ಶ್ಯಾಮಲಮ್ಮ ಹೊಸ್ತಿಲ ಹತ್ತಿರ ಹೋಗಿ ಒಳಗೆ ಉರಿಯುತ್ತಿದ್ದ ದೀಪಕ್ಕೆ ಕೈಮುಗಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

ಶ್ಯಾಮಲಮ್ಮ: ಉಪ್ಪಿನ ಮೂಟೆ ಹೊರಗೆ ತನ್ನಿ.

ಆವಲಪ್ಪ: ಲೇ, ಹೆಸರು ಹೇಳ್ಬಿಟ್ಯಲ್ಲೇ. ದೀಪ ಹಚ್ಚಿದೆ. ಲಕ್ಷ್ಮಿ ಹೊರಗೆ ಹೋಗ್ತಾಳೆ.

ಶ್ಯಾಮಲಮ್ಮ: ಹೋಗ್ಲಿ ಬಿಡಿ. ಈ ಮನೆ ಲಕ್ಷ್ಮಿ ಭಾನುವಾರ ಹೇಗೂ ಹೊರಗೆ ಬಂದು ನೀರಿಗೆ ಹಾರ್ತಾಳೆ. ಬೀಗರು ನೋಡೋಕೆ ಬರ್ತಿರೋದು ಮಣ್ಣು ತಂದೋರ ಈಜನ್ನ ತಾನೆ?

ಆವಲಪ್ಪ: ನೀನು ಹಾರ್ತೀಯಾ? ಹಾಗಾದ್ರೆ ನಾನೇನು ಮಾಡ್ಲಿ?

ಶ್ಯಾಮಲಮ್ಮ: ದಂಡೆ ಮೇಲೆ ಕೂತು ಬಟ್ಟೆ ಕಾಯಿರಿ. ನಿಮಗೆ ಅಭ್ಯಾಸ ಇದೆಯಲ್ಲ.